ಬಿಲ್ ಇಲ್ಲದ ಗೇರ್ ಸೈಕಲ್ ಕದ್ದ ಮಾಲಾ?

ಆನ್‌ಲೈನ್ ಜಾಹೀರಾತು ಹಾಕಿದ ಒಬ್ಬ 35 ಸಾವಿರದ ಗೇರ್ ಸೈಕಲ್ 9 ಸಾವಿರಕ್ಕೆ ಕೊಡ್ತಾನೆ, ಬಿಲ್ ಕಳೆದಿದೆಯಂತೆ, ಮೆಟ್ರೊ ಸ್ಟೇಷನ್ ಹತ್ತಿರ ಬನ್ನಿ ಅಂತಾನೆ, ಕದ್ದ ಮಾಲಾ ಅಂತ ಕೇಳಿದ್ದೀರಿ. ರೇಟು ಕಮ್ಮಿ ಅನ್ನೋದೊಂದಕ್ಕೇ ನಾನು ಅನುಮಾನ ಪಡಲ್ಲ. ಲಾಕ್‌ಡೌನ್‌ನಲ್ಲಿ ಕೊಂಡು ಬಾಲ್ಕನಿಯಲ್ಲಿ ಧೂಳು ತಿನ್ನಿಸಿ, ಜಾಗ ಖಾಲಿಯಾದರೆ ಸಾಕು ಅಂತ ಮಾರುವವರು ಬೆಂಗಳೂರಲ್ಲಿ ಇದ್ದಾರೆ. ಫ್ರೇಮ್ ಸೈಜ್ ಕೇಳಿದರೆ ತಡವರಿಸ್ತಾನಾ, ಸೈಕಲ್ ಜೊತೆಗಿನ ಒಂದು ಹಳೇ ಫೋಟೊನೂ ಇಲ್ವಾ? ಆಗ ಅನುಮಾನಿಸಿ.

ಸೈಕಲ್‌ಗೆ ಆರ್‌ಸಿ ಇಲ್ಲ. ನಂಬಬಹುದಾದ ಗುರುತು ಅಂದ್ರೆ ಫ್ರೇಮ್ ನಂಬರ್. ದುಡ್ಡಿನ ಮಾತಿಗೆ ಮೊದಲು ಅದರ ಫೋಟೊ ಕೇಳಿ. ಸೈಕಲ್ ತಲೆಕೆಳಗು ಮಾಡಿದರೆ, ಪೆಡಲ್ ಆಕ್ಸೆಲ್ ಕೂರುವ ಬಿಬಿ ಶೆಲ್ ತಳದಲ್ಲಿ ಸಾಮಾನ್ಯವಾಗಿ ಅಚ್ಚೊತ್ತಿರುತ್ತೆ. ಕೆಲವದರಲ್ಲಿ ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬ್ ಮೇಲೆ. ತಳದಲ್ಲಿ ಗೇರ್ ಕೇಬಲ್ ಹಾಯುವ ಪ್ಲಾಸ್ಟಿಕ್ ತುಂಡು ಅರ್ಧ ನಂಬರ್ ಮುಚ್ಚಿರಬಹುದು. ಕೆಸರು ಒರೆಸಿ, ಸೀಮೆಸುಣ್ಣ ಉಜ್ಜಿ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದರೆ ಅಕ್ಷರ ಎದ್ದು ಕಾಣುತ್ತೆ. ಕಲ್ಲೇಟು ಹೆಚ್ಚು ಬೀಳೋದೇ ಆ ಜಾಗಕ್ಕೆ. ಅಲ್ಲಿ ಮಾತ್ರ ನುಣ್ಣನೆ ಹೊಸ ಪೇಂಟ್ ಇದ್ದರೆ ಅರ ಹಾಕಿ ನಂಬರ್ ಉಜ್ಜಿದ್ದಾರೆ ಅಂದ್ಕೊಳ್ಳಿ. ಕಾರ್ಬನ್ ಫ್ರೇಮ್‌ಗಳಲ್ಲಿ ಬರೀ ಸ್ಟಿಕ್ಕರ್ ಇರೋದೂ ಉಂಟು, ಅದು ತಾನಾಗೇ ಕಿತ್ತುಹೋಗಿರಬಹುದು.

ಬಿಲ್ ತೋರಿಸಿದರೂ ಅದರಲ್ಲಿ ಫ್ರೇಮ್ ನಂಬರ್ ಇದೆಯಾ ನೋಡಿ. ಎಷ್ಟೋ ಅಂಗಡಿಯವರು ಬರೆಯೋದೇ ಇಲ್ಲ. ಹಾಗಿದ್ದರೆ ಅಂಗಡಿಗೆ ಫೋನ್ ಮಾಡಿ ಹೆಸರು, ಮಾಡೆಲ್ ತಾಳೆ ಹಾಕಿ. ಅಡ್ವಾನ್ಸ್ ಅಂತ ನೂರು ರೂಪಾಯಿನೂ ಯುಪಿಐ ಮಾಡಬೇಡಿ.

ಕದ್ದದ್ದು ಅಂತ ನಂಬೋಕೆ ಕಾರಣ ಇದ್ದೂ ಅಪ್ರಾಮಾಣಿಕವಾಗಿ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲಾಗಬಹುದು. ನಿಮಗೆ ಅನುಮಾನ ಬಂದಿತ್ತು ಅನ್ನೋದಕ್ಕೆ ಈ ಪ್ರಶ್ನೆಯೇ ಸಾಕ್ಷಿ! ಸೈಕಲ್ ಹೇಗೂ ಅಸಲಿ ಮಾಲೀಕನಿಗೆ ಹೋಗುತ್ತೆ, ನಿಮ್ಮ 9 ಸಾವಿರಕ್ಕೆ ಆ ಮಾರಿದವನನ್ನೇ ಹುಡುಕಬೇಕು.

ಅನುಮಾನ ಗಟ್ಟಿಯಾದರೆ ಅವನ ಹತ್ತಿರ ಬಾಯಿ ಬಿಡಬೇಡಿ, ಐದು ನಿಮಿಷದಲ್ಲಿ ಜಾಹೀರಾತು ಮಾಯ. ಮೊದಲು ಲಿಂಕ್, ಫೋಟೊ, ಪ್ರೊಫೈಲ್, ಚಾಟ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೀರಿ. ಊರಿನ ಸೈಕ್ಲಿಂಗ್ ಗ್ರೂಪುಗಳಲ್ಲಿ ಮಾಡೆಲ್, ಬಣ್ಣ ಹಾಕಿ ವಿಚಾರಿಸಿ, ಆದರೆ ಫ್ರೇಮ್ ನಂಬರ್ ಹಾಕಬೇಡಿ. ನಂದು ಅಂತ ಬಂದವರೇ ಅದನ್ನ ಹೇಳಲಿ. ತಾಳೆಯಾದರೆ ಅವರು ದೂರು ಕೊಟ್ಟ ಠಾಣೆಗೆ ಸ್ಕ್ರೀನ್‌ಶಾಟ್ ತಲುಪಿಸಿ; ದೂರೇ ಕೊಟ್ಟಿಲ್ಲದಿದ್ದರೆ ಮೊದಲು ಎಫ್‌ಐಆರ್ ಮಾಡಿಸೋಕೆ ಹೇಳಿ. ಗಿರಾಕಿ ವೇಷದಲ್ಲಿ ನೀವೇ ಹೋಗಿ ಹಿಡಿಯೋ ಸಾಹಸ ಬೇಡ.