ಬ್ಲ್ಯಾಕ್ ಲೈಟ್ ನಾಟಕ: ಮೊದಲು ಬೆಳಕಲ್ಲೇ ಕಲಿಸಿ ಅಕ್ಕಾ

ಅಕ್ಕಾ, ಸಿಂಧನೂರಿನ ನಿಮ್ಮ ಚರ್ಚಿನಲ್ಲಿ ಕ್ರಿಸ್‌ಮಸ್‌ಗೆ 14 ಮಕ್ಕಳಿಂದ ಬ್ಲ್ಯಾಕ್ ಲೈಟ್ ನಾಟಕ ಮಾಡಿಸುತ್ತಿದ್ದೀರಿ, ಕತ್ತಲಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ, ಏನು ಮಾಡಲಿ ಅಂತ ಕೇಳಿದ್ದಿರಿ. ಕತ್ತಲ ವೇದಿಕೆಗೆ ಯುವಿ ಲೈಟು ಹಾಕಿ, ಕರಿ ಬಟ್ಟೆ ತೊಟ್ಟ ಮಕ್ಕಳ ಬಿಳಿ ಗ್ಲೌಸು, ಬಣ್ಣದ ರಟ್ಟು ಮಾತ್ರ ಹೊಳೆದು ಕಾಣುವ ನಾಟಕ ತಾನೇ ಇದು. ಬಳ್ಳಾರಿಯಲ್ಲಿ ಮೊದಲ ವರ್ಷ ನಮ್ಮದೂ ಇದೇ ಗತಿ.

ಲೈಟು ಬಂದ ಖುಷಿಗೆ ನಾವು ಮೊದಲ ದಿನವೇ ಕತ್ತಲು ಮಾಡಿಬಿಟ್ಟೆವು. ಮಕ್ಕಳಿಗೆ ಹೊಳೆಯುವ ಕೈ ನೋಡೋದೇ ಆಟವಾಯಿತು, ಹಾಡು ಯಾರಿಗೆ ಬೇಕು! ಈಗ ಎಂಟು ಪ್ರಾಕ್ಟೀಸ್ ಇದ್ದರೆ ಆರು ಟ್ಯೂಬ್‌ಲೈಟಿನಲ್ಲೇ ಮಾಡಿಸುತ್ತೇವೆ. ಗ್ಲೌಸ್ ಮಾತ್ರ ಮೊದಲ ದಿನದಿಂದ ಇರಲಿ. ಯಾವ ಸಾಲಿಗೆ ಯಾರ ಕೈ ಏಳಬೇಕು, ಯಾರ ಹಿಂದಿನಿಂದ ಯಾರು ಹೋಗಬೇಕು ಅನ್ನೋದು ಬೆಳಕಲ್ಲೇ ಮೈಗೆ ಹತ್ತಬೇಕು.

ಡಿಕ್ಕಿಗೆ ನಮ್ಮ ಉಪಾಯ ಹೇಳುತ್ತೇನೆ. ಮಕ್ಕಳನ್ನು ಬರಿಗಾಲಲ್ಲಿ ನಿಲ್ಲಿಸಿ. ನಿಲ್ಲುವ ಜಾಗದಲ್ಲೆಲ್ಲ ನೆಲಕ್ಕೆ ತೆಳು ಸುತಳಿ ಇಟ್ಟು ಮೇಲೆ ಕರಿ ಟೇಪ್ ಅಂಟಿಸಿ. ಕಣ್ಣಿಗೆ ಕಾಣದಿದ್ದರೂ ಕಾಲಿಗೆ ಗೊತ್ತಾಗುತ್ತದೆ. ದಪ್ಪ ಹಗ್ಗ ಬೇಡ, ಎಡವುತ್ತಾರೆ.

ಕತ್ತಲ ಪ್ರಾಕ್ಟೀಸ್ ಶುರುವಾದಾಗ ಅರ್ಧ ಮಕ್ಕಳನ್ನು ಕೆಳಗೆ ಕೂರಿಸಿ ತೋರಿಸಿ. ಕರಿ ಬಟ್ಟೆಯವನು ಅಡ್ಡ ಬಂದರೆ ಹಿಂದಿನ ನಕ್ಷತ್ರ ಮಾಯವಾಗೋದನ್ನು ಒಮ್ಮೆ ನೋಡಿದರೆ ಸಾಕು, ಆಮೇಲೆ ನೀವು ಕೂಗಬೇಕಿಲ್ಲ. ಇದನ್ನೇ ಆಟಕ್ಕೂ ಬಳಸಬಹುದು. ರಟ್ಟಿನ ನಕ್ಷತ್ರಕ್ಕೆ ಒಂದು ಬದಿ ಫ್ಲೋರೊಸೆಂಟ್ (ಯುವಿ ಬೆಳಕಿಗೆ ಹೊಳೆಯುವ) ಬಣ್ಣ, ಇನ್ನೊಂದು ಬದಿ ಕರಿ ಬಳಿಯಿರಿ. ತಿರುಗಿಸಿದರೆ ಇಲ್ಲ, ಮತ್ತೆ ತಿರುಗಿಸಿದರೆ ಇದೆ. ನಮ್ಮಲ್ಲಿ ಜಾಸ್ತಿ ಚಪ್ಪಾಳೆ ಬಿದ್ದದ್ದು ಇದಕ್ಕೇ.

ಬಟ್ಟೆ ವಿಷಯದಲ್ಲಿ ನಾವು ಚೆನ್ನಾಗಿ ಮೋಸ ಹೋದೆವು. ಜೀನ್ಸ್ ಊರು ನಮ್ಮದು, ಕರಿ ಪ್ಯಾಂಟಿಗೇನು ಕೊರತೆ ಅಂತ ಮನೆಯಲ್ಲಿ ಒಗೆದಿಟ್ಟದ್ದನ್ನೇ ಹಾಕಿಸಿದೆವು. ಲೈಟು ಹಾಕಿದರೆ ಕಾಲೆಲ್ಲ ಮಬ್ಬು ನೀಲಿ! ಬಟ್ಟೆ ಒಗೆಯುವ ಪುಡಿಯಲ್ಲಿ ಬಿಳುಪಿಗೆ ಅಂತ ಹಾಕುವ ಬ್ರೈಟ್‌ನರ್ ಈ ಬೆಳಕಿಗೆ ಹೊಳೆಯುತ್ತದೆ. ಹಾಗಾಗಿ ಗ್ಲೌಸನ್ನು ಆ ಪುಡಿಯಲ್ಲಿ ಒಗೆಯಿರಿ, ಕರಿ ಬಟ್ಟೆಗೆ ಸೋಕಿಸಬೇಡಿ. ಕರಿ ಬಟ್ಟೆಗೆ ಅಂಟಿದ ಹತ್ತಿ ಎಳೆಯೂ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಟೇಪ್ ಒತ್ತಿ ಕಿತ್ತರೆ ಬರುತ್ತದೆ.

ಹೊಳೆಯುವ ಶೀಟು ಬೇಕಾದಾಗ ಅಂಗಡಿಯಲ್ಲಿ ಸುಮ್ನೆ ರೇಡಿಯಂ ಅಂತ ಕೇಳಿದರೆ ಗಾಡಿಗೆ ಅಂಟಿಸುವ ಸ್ಟಿಕರ್ ಕೊಡುತ್ತಾರೆ. ಅದು ಬಿದ್ದ ಬೆಳಕನ್ನು ವಾಪಸ್ ಕಳಿಸುತ್ತದೆ, ಅಷ್ಟೇ. ಫ್ಲೋರೊಸೆಂಟ್ ಶೀಟ್ ಅಂತಲೇ ಕೇಳಿ.

ಯುವಿ ಲೈಟು 365 ನ್ಯಾನೊಮೀಟರಿನದು (ಇದು ಬೆಳಕಿನ ತರಂಗದ ಉದ್ದ) ಸಿಕ್ಕರೆ ಒಳ್ಳೇದು. 395ರದು ಅಗ್ಗ, ಆದರೆ ನೇರಳೆ ಬೆಳಕು ಜಾಸ್ತಿ ಚೆಲ್ಲಿ ಮಕ್ಕಳ ಮುಖವೂ ಕಾಣುತ್ತದೆ. ವೇದಿಕೆಯ ಮುಂದೆ ನೆಲದ ಮೇಲಿಟ್ಟು ಮಕ್ಕಳ ಕಡೆ ತಿರುಗಿಸಿ, ಜನರ ಕಡೆ ರಟ್ಟು ಅಡ್ಡ ಇಡಿ. ದೂರ ಹೋದಷ್ಟೂ ಹೊಳಪು ಸತ್ತುಹೋಗುತ್ತದೆ. ಲೈಟನ್ನೇ ದಿಟ್ಟಿಸಿ ನೋಡಬಾರದು ಅಂತ ಮಕ್ಕಳಿಗೆ ಹೇಳಿಡಿ. ನೀರಿನ ಫಿಲ್ಟರಿನಲ್ಲಿರುವಂಥ, ಕ್ರಿಮಿ ಕೊಲ್ಲುವ 254ರ ಯುವಿ ಟ್ಯೂಬ್ ಮಾತ್ರ ಬೇಡವೇ ಬೇಡ. ಅದು ಕಣ್ಣು, ಚರ್ಮ ಎರಡನ್ನೂ ಸುಡುತ್ತದೆ.

ಚಿಕ್ಕವರು ಕತ್ತಲಿಗೆ ಅಳಬಹುದು. ಅಂಥವರನ್ನು ದೊಡ್ಡ ಮಗುವಿನ ಪಕ್ಕ ನಿಲ್ಲಿಸಿ. ಮೇನ್ ಸ್ವಿಚ್ ಹತ್ತಿರ ಟಾರ್ಚ್ ಹಿಡಿದು ಒಬ್ಬರು ಇರಲೇಬೇಕು.

ನಮ್ಮ ಕಾರ್ಯಕ್ರಮ 21ಕ್ಕೇ ಮುಗಿಯುತ್ತದೆ. 22ಕ್ಕೆ ಯಾರನ್ನಾದರೂ ಕಳಿಸಿದರೆ ಎರಡು ಲೈಟು ಕೊಡುತ್ತೇನೆ ಅಕ್ಕಾ. ವೈರ್ ನೀವೇ ತರಬೇಕು, ನಮ್ಮದನ್ನು ಇಲಿ ಕಡಿದಿದೆ.