‘ಚೆನ್ನಾಗಿ ಊಟ ಮಾಡಿಸಿ’ ಎಂದರೆ ಎಷ್ಟು?

ಪ್ರಶ್ನೆ: ತಂದೆಗೆ ಜಠರದ ಕ್ಯಾನ್ಸರ್. ಮೂರು ವಾರಗಳ ನಂತರ ಶಸ್ತ್ರಚಿಕಿತ್ಸೆ. ನಾಲ್ಕು ತಿಂಗಳಲ್ಲಿ ತೂಕ 64 ಕಿಲೋದಿಂದ 55ಕ್ಕೆ ಇಳಿದಿದೆ. ಆಹಾರದ ಬಗ್ಗೆ ಕೇಳಿದರೆ ಸರ್ಜನ್ ‘ಚೆನ್ನಾಗಿ ಊಟ ಮಾಡಿಸಿ’ ಎಂದಷ್ಟೇ ಹೇಳಿದರು. ಹೆಚ್ಚು ತಿನ್ನಿಸಿದರೆ ಗೆಡ್ಡೆಯೇ ಬೆಳೆಯುತ್ತದೆ ಎಂದು ಬಂಧುಗಳು ಹೆದರಿಸುತ್ತಿದ್ದಾರೆ. ಸರ್ಜನ್‌ಗಳಿಗೆ ಪೋಷಣೆಯ ವಿಷಯ ನಿಜಕ್ಕೂ ಗೊತ್ತಿರುತ್ತದೆಯೇ?

ಉತ್ತರ: ನಾನೂ ಕತ್ತರಿ ಹಿಡಿದವನೇ ಆದ್ದರಿಂದ ಮುಲಾಜಿಲ್ಲದೆ ಹೇಳುತ್ತೇನೆ: ಅರ್ಧ ಗೊತ್ತಿರುತ್ತದೆ. ಸೊರಗಿದ ರೋಗಿಯ ಗಾಯ ಬೇಗ ಮಾಯುವುದಿಲ್ಲ, ಸೋಂಕು ಸುಲಭವಾಗಿ ತಗಲುತ್ತದೆ, ಕರುಳಿನ ಹೊಲಿಗೆ ಸೋರುವ ಭಯವಿರುತ್ತದೆ ಎಂಬುದು ನಮಗೆ ಹೊಸತಲ್ಲ. ಜಠರ ಮತ್ತು ಸಣ್ಣಕರುಳಿನ ಹುಣ್ಣಿಗೆ ಶಸ್ತ್ರಚಿಕಿತ್ಸೆಯಾದವರನ್ನು ಗಮನಿಸಿದ್ದ ಅಮೆರಿಕದ ಹೈರಮ್ ಸ್ಟಡ್ಲಿ 1936ರಲ್ಲೇ ಇದನ್ನು ಬರೆದಿದ್ದರು. ಶೇ 20ಕ್ಕಿಂತ ಹೆಚ್ಚು ತೂಕ ಕಳೆದುಕೊಂಡಿದ್ದವರಲ್ಲಿ ಮೂರರಲ್ಲಿ ಒಬ್ಬರು ಉಳಿಯಲಿಲ್ಲ. ಮಿಕ್ಕವರಲ್ಲಿ ಸಾವು ಶೇ 3.5 ಮಾತ್ರ.

ನಾವು ಎಡವುವುದು ‘ಎಷ್ಟು, ಹೇಗೆ, ಎಂದಿನಿಂದ’ ಎಂಬಲ್ಲಿ. ಹೊಲಿಗೆಯನ್ನು ವರ್ಷಗಟ್ಟಲೆ ಕಲಿಸುತ್ತಾರೆ, ಪೋಷಣೆಯನ್ನು ಹೆಚ್ಚಿನವರು ದಾರಿಯಲ್ಲಿ ಸಿಕ್ಕಷ್ಟು ಕಲಿಯುತ್ತೇವೆ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನ್ ನೋಡಿಯೇ ಪೋಷಣೆ ಅಳೆಯುವುದು ನಮ್ಮವರ ಹಳೆಯ ಚಟ. ಆಲ್ಬುಮಿನ್ ಕಡಿಮೆಯಿದ್ದರೆ ಅಪಾಯ ಹೆಚ್ಚು ಎಂಬುದೇನೋ ನಿಜ. ಆದರೆ ದೇಹದೊಳಗಿನ ಉರಿಯೂತಕ್ಕೂ ಅದು ಕುಸಿಯುತ್ತದೆ, ಹೋದ ವಾರದ ಊಟದ ಲೆಕ್ಕವನ್ನು ಹೇಳುವುದಿಲ್ಲ. ದಪ್ಪಗಿರುವವರ ಸ್ನಾಯು ಕರಗಿದ್ದು ಕಣ್ಣಿಗೆ ಬೀಳದೇ ಹೋಗುವುದೂ ಉಂಟು.

ನಿಮ್ಮ ತಂದೆ ಕಳೆದುಕೊಂಡಿರುವುದು ಶೇ 14. ಆರು ತಿಂಗಳೊಳಗೆ ಶೇ 10–15ರಷ್ಟು ತೂಕ ಇಳಿದರೆ ಅದು ತೀವ್ರ ಅಪಾಯವೆಂದು ಯುರೋಪಿನ ಪೋಷಣಾ ತಜ್ಞರ ಸಂಘ ಎಸ್ಪೆನ್ ಹೇಳುತ್ತದೆ. ಅಂಥವರಿಗೆ 7ರಿಂದ 14 ದಿನ ಪೋಷಣೆ ಕೊಟ್ಟೇ ಶಸ್ತ್ರಚಿಕಿತ್ಸೆ ಮಾಡಬೇಕು, ಕ್ಯಾನ್ಸರ್ ಆದರೂ ದಿನಾಂಕ ಮುಂದೂಡಬಹುದು ಎಂಬುದು ಅದರ ಸಲಹೆ. ನಿಮ್ಮ ಕೈಯಲ್ಲಿ ಈಗಾಗಲೇ ಮೂರು ವಾರವಿದೆ. ಅದನ್ನು ಕಾಯುತ್ತಾ ಕಳೆಯಬೇಡಿ.

ಲೆಕ್ಕ ಹೀಗಿದೆ. ತೂಕದ ಪ್ರತಿ ಕಿಲೋಗೆ ದಿನಕ್ಕೆ 25–30 ಕಿಲೋಕ್ಯಾಲರಿ, ಪ್ರೋಟೀನ್ 1ರಿಂದ 1.5 ಗ್ರಾಂ. 55 ಕಿಲೋದವರಿಗೆ ಸುಮಾರು 1,400–1,650 ಕಿಲೋಕ್ಯಾಲರಿ, 55–80 ಗ್ರಾಂ ಪ್ರೋಟೀನ್. ಮೂತ್ರಪಿಂಡದ ತೊಂದರೆಯಿದ್ದರೆ ಈ ಲೆಕ್ಕ ಬದಲಾಗುತ್ತದೆ. ಜಠರದ ಗೆಡ್ಡೆಯಿರುವವರಿಗೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ. ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಆರೇಳು ಬಾರಿ ಕೊಡಿ. ಸಾಲದಿದ್ದರೆ ಕುಡಿಯುವ ಪೋಷಕ ಪೇಯ, ಅದೂ ಆಗದಿದ್ದರೆ ಜಠರಕ್ಕೋ ಕರುಳಿಗೋ ನೇರವಾಗಿ ಆಹಾರ ಹಾಯಿಸುವ ನಳಿಕೆ. ರಕ್ತನಾಳದ ಮೂಲಕ ಕೊಡುವುದು ಕೊನೆಯ ದಾರಿ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಆ ಕ್ರಮದಿಂದ ಲಾಭವಾದದ್ದು ತೀವ್ರವಾಗಿ ಸೊರಗಿದ್ದವರಿಗೆ ಮಾತ್ರ. ಉಳಿದವರಿಗೆ ಸೋಂಕೇ ಹೆಚ್ಚಾಯಿತು. ಐದಾರು ದಿನ ಏನೂ ತಿನ್ನದವರಿಗೆ ಒಮ್ಮೆಲೇ ತುಂಬಿಸಿದರೆ ರಕ್ತದಲ್ಲಿರುವ ಫಾಸ್ಫೇಟ್ ಎಂಬ ಲವಣ ಕುಸಿದು ಹೃದಯಕ್ಕೇ ಕುತ್ತು ಬರಬಹುದು. ಅಂಥವರಿಗೆ ವೈದ್ಯರ ಕಣ್ಣೆದುರೇ ನಿಧಾನವಾಗಿ ಆರಂಭಿಸಬೇಕು.

ಬಂಧುಗಳ ಮಾತನ್ನು ಬಿಡಿ. ಊಟದಿಂದ ಮನುಷ್ಯರಲ್ಲಿ ಗೆಡ್ಡೆ ಬೆಳೆಯುತ್ತದೆ ಎಂದು ಊಟ ತಡೆಯುವುದಕ್ಕೆ ಆಧಾರವಿಲ್ಲ. ಉಪವಾಸ ಕೆಡವಿದರೆ ಕರಗುವುದು ತಂದೆಯ ಸ್ನಾಯು. ಇನ್ನೊಂದು ಮಾತು: ಕ್ಯಾನ್ಸರ್ ತರುವ ಸೊರಗುವಿಕೆ ಬರೀ ಊಟದಿಂದ ಪೂರ್ತಿ ಹಿಂದಿರುಗುವುದಿಲ್ಲ. ತಿನ್ನಲಿಲ್ಲವೆಂದು ಅವರನ್ನು ಗದರಬೇಡಿ, ಹಸಿವನ್ನು ಕೊಂದಿರುವುದು ರೋಗವೇ.

ಮುಂದಿನ ಭೇಟಿಯಲ್ಲಿ ‘ಏನು ತಿನ್ನಿಸಲಿ’ ಎಂದು ಕೇಳಬೇಡಿ. ‘ಶೇ 14 ತೂಕ ಇಳಿದಿದೆ, ಪೋಷಣಾ ತಜ್ಞರಿಗೆ ಕಳುಹಿಸುತ್ತೀರಾ? ಶಸ್ತ್ರಚಿಕಿತ್ಸೆಯ ವೇಳೆಯೇ ಸಣ್ಣಕರುಳಿಗೆ ನಳಿಕೆ ಇಡುತ್ತೀರಾ?’ ಎಂದು ಕೇಳಿ. ಅಂಕಿ ಮುಂದಿಟ್ಟರೆ ಸರ್ಜನ್ ಅವಸರದಲ್ಲಿದ್ದರೂ ನಿಂತು ಕೇಳುತ್ತಾನೆ. ನಾನಂತೂ ಕೇಳಿದ್ದೇನೆ.

ಪ್ರಶ್ನೆ: ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯಿಂದ ನೀರೂ ಕೊಡಬಾರದೇ?

ಉತ್ತರ: ಅದು ಹಳೆಯ ಪದ್ಧತಿ. ಸಾಮಾನ್ಯವಾಗಿ ಅರಿವಳಿಕೆಗೆ ಆರು ಗಂಟೆ ಮುಂಚಿನವರೆಗೆ ಹಗುರ ಆಹಾರ, ಎರಡು ಗಂಟೆ ಮುಂಚಿನವರೆಗೆ ನೀರಿನಂಥ ತಿಳಿ ದ್ರವ ಕೊಡಬಹುದು. ಜಠರದ ಬಾಯಿ ಕಟ್ಟಿಕೊಂಡು ಆಹಾರ ಕೆಳಗಿಳಿಯದಿದ್ದರೆ ಈ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಅರಿವಳಿಕೆ ವೈದ್ಯರ ಮಾತೇ ಅಂತಿಮ.