ಗೋವಾ ಪ್ರವಾಸದಲ್ಲಿ ಫೆನಿ ಕಾಕ್‌ಟೇಲ್ ತರಗತಿಗೆ ಸೇರುವುದು ಸಾರ್ಥಕವೇ?

ಖಂಡಿತ ಸಾರ್ಥಕ. ಸಾಧ್ಯವಾದರೆ ಏಪ್ರಿಲ್ ಸುಮಾರಿಗೆ ಹೋಗಿ, ಅದು ಫೆನಿ ಎಂಬ ಗೋವಾ ಮದ್ಯಕ್ಕೆ ಬಳಸುವ ಗೇರುಹಣ್ಣಿನ ಕಾಲ. ಹುದುಗು ಬಂದ ಹಣ್ಣಿನ ರಸವನ್ನು ಮೊದಲ ಸಲ ಭಟ್ಟಿ ಇಳಿಸಿದಾಗ ಸಿಗುವುದು ಉರಾಕ್. ಹಗುರವಾದದ್ದು, ಹಣ್ಣಿನ ಪರಿಮಳ ಇನ್ನೂ ಉಳಿದಿರುತ್ತದೆ. ಮತ್ತೊಮ್ಮೆ ಇಳಿಸಿದರೆ ಫೆನಿ, ಮದ್ಯಸಾರ ಶೇ 40ಕ್ಕೂ ಮೇಲೆ. ಗೇರು ಫೆನಿಗೆ 2009ರಲ್ಲಿ ಗೋವಾದ್ದೇ ವಿಶಿಷ್ಟ ಉತ್ಪನ್ನವೆಂಬ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ದೊರೆತಿದೆ.

ಫೆನಿಯ ಘಾಟು ಜೋರು. ಅದನ್ನು ಮುಚ್ಚಲು ಸಕ್ಕರೆ ಸುರಿಯುವುದು ತಪ್ಪು; ಹುಳಿಯಿಂದ ಹದಕ್ಕೆ ತರುವುದನ್ನೇ ಅಲ್ಲಿ ಕಲಿಯಬೇಕು. ನಮ್ಮ ಕರಾವಳಿಯ ಪುನರ್ಪುಳಿಯೇ ಅಲ್ಲಿನ ಕೋಕಂ. ಅದರ ರಸ, ನಿಂಬೆ, ಚಿಟಿಕೆ ಉಪ್ಪು, ಸೀಳಿದ ಹಸಿಮೆಣಸು ಇದ್ದರೆ ಸಾಕು, ಎಷ್ಟು ಚೆನ್ನಾಗಿ ಕೂಡುತ್ತವೆ! ಹಣ ಕಟ್ಟುವ ಮೊದಲು ಭಟ್ಟಿಯನ್ನೂ ತೋರಿಸುತ್ತಾರೆಯೇ ಎಂದು ಕೇಳಿ. ಬಾಡಿಗೆ ಸ್ಕೂಟರ್‌ನಲ್ಲಂತೂ ಹೋಗಬೇಡಿ.